ಮೊಣಕಾಲಿನ ವ್ಯಾಯಾಮಕ್ಕೆ ಯಾವ ಭಂಗಿ? ನೆಲ, ಕುರ್ಚಿ, ಅಡುಗೆ ಕಟ್ಟೆ, ಹಲಗೆ ಮಂಚ

ಮೊಣಕಾಲು ಸವೆದವರಿಗೆ ಹೇಳಿಕೊಡುವ ವ್ಯಾಯಾಮಗಳು ಬಹುತೇಕ ಒಂದೇ. ತೊಡೆಯ ಮುಂದಿನ ಸ್ನಾಯು ಬಿಗಿ ಹಿಡಿಯಬೇಕು, ಕಾಲು ನೆಟ್ಟಗೆ ಎತ್ತಬೇಕು, ನಿಧಾನ ಇಳಿಸಬೇಕು. ಆದರೆ ಮಲಗಿ ಮಾಡಬೇಕೋ, ಕೂತು ಮಾಡಬೇಕೋ, ನಿಂತು ಮಾಡಬೇಕೋ ಅನ್ನುವುದರ ಮೇಲೆ ನೋವು ಇಳಿಯುತ್ತದೋ ಏರುತ್ತದೋ ನಿಂತಿದೆ. ನಾನು ಎಲ್ಲವನ್ನೂ ಮಾಡಿ ನೋಡಿದ್ದೇನೆ. ನನ್ನ ಮತ ಹಲಗೆ ಮಂಚಕ್ಕೆ. ಬಾಗಲಕೋಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಮೂರು ಸಾವಿರಕ್ಕೆ ಸಿಕ್ಕ ಮಂಚ ಅದು. ಈ ಮೊಣಕಾಲಿಗಾಗಿ ನಾನು ಕೊಂಡದ್ದರಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಮೊದಲು ನೆಲದ ಮಾತು. ನಮ್ಮ ಕಡೆ ನೆಲವೇ ಎಲ್ಲದಕ್ಕೂ ಜಾಗ. ಊಟ, ಕಾಳು ಹಸನು ಮಾಡುವುದು, ನಿದ್ದೆ, ಎಲ್ಲಾ ಅಲ್ಲೇ. ಹಾಗಾಗಿ ಒಂದು ಫೋಮ್ ಚಾಪೆ ತಂದು ಪರಸಿ ಕಲ್ಲಿನ ನೆಲದ ಮೇಲೆ ಹಾಸಿದೆ. ಅಂಗಾತ ಮಲಗಿದ ಮೇಲೆ ಯಾವ ತಕರಾರೂ ಇಲ್ಲ. ಇಡೀ ಮೈ ನೆಲಕ್ಕೆ ತಾಗಿರುತ್ತದೆ, ಬೀಳುವ ಭಯವಿಲ್ಲ. ಮೈಯನ್ನು ಹಿಡಿದು ನಿಲ್ಲಿಸುವ ಕೆಲಸ ಇರುವುದಿಲ್ಲವಲ್ಲ, ಗಮನವೆಲ್ಲ ಆ ಒಂದು ಸ್ನಾಯುವಿನ ಮೇಲೆ ಇಡಬಹುದು.

ತೊಂದರೆ ಇರುವುದು ಏಳುವುದರಲ್ಲಿ. ನೆಲದಿಂದ ಏಳಬೇಕೆಂದರೆ ಮೊಣಕಾಲು ಚೆನ್ನಾಗಿ ಮಡಚಬೇಕು, ಆ ಮಡಚಿದ ಕಾಲಿನ ಮೇಲೇ ಮೈಭಾರ ಹಾಕಬೇಕು. ಸವೆದ ಮೊಣಕಾಲಿಗೆ ಬೇಡವಾದದ್ದೇ ಅದು. ಕಾಲು ಎತ್ತುವಾಗ ಕಾಲಿನ ತೂಕ ಮಾತ್ರ. ಏಳುವಾಗ ಇಡೀ ಮೈಯ ತೂಕ. ವ್ಯಾಯಾಮದಿಂದ ಆದ ಲಾಭ ಏಳುವ ಹೊತ್ತಿಗೆ ಹೋಗಿಬಿಡುತ್ತಿತ್ತು.

ಏಳುವುದಕ್ಕೂ ಒಂದು ಕ್ರಮ ಇದೆ. ಮಗ್ಗುಲಿಗೆ ಹೊರಳಿ, ಅಂಗೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿ ಹಿಡಿದು, ನೋವಿಲ್ಲದ ಕಾಲನ್ನು ಮುಂದಿಟ್ಟು ಏಳುವುದು. ಕ್ರಮ ಚೆನ್ನಾಗಿಯೇ ಇದೆ. ಆದರೆ ಅಂಬೆಗಾಲಿನಲ್ಲಿ ಮೊಣಕಾಲಿನ ಚಿಪ್ಪು ಪರಸಿಗೆ ಒತ್ತುತ್ತದೆ. ಚಾಪೆ ಮಡಚಿ ಇಟ್ಟೆ, ಅದರ ಮೇಲೆ ಟವೆಲ್ ಇಟ್ಟೆ, ಕೊನೆಗೆ ದಿಂಬೂ ಇಟ್ಟೆ. ದಿಂಬು ಜಾರಿತು. ನಯವಾದ ಪರಸಿ ಮೇಲೆ ಚಾಪೆಯೂ ಜಾರಿತು. ನನಗೆ ಎರಡೂ ಮೊಣಕಾಲು ನೋವು, "ನೋವಿಲ್ಲದ ಕಾಲು" ಎಲ್ಲಿಂದ ತರಲಿ? ಮನೆಯಲ್ಲಿ ಯಾರಾದರೂ ಕೈ ಕೊಡಬೇಕು, ಇಲ್ಲದಿದ್ದರೆ ಅಲ್ಲೇ ಮಲಗಿರಬೇಕು. ಬೆಳಗಿನ ಜಾವ ಯಾರನ್ನು ಎಬ್ಬಿಸುವುದು?

ಮಂಚದಲ್ಲಿ ಈ ಕಷ್ಟವೇ ಇಲ್ಲ. ಕಾಲು ಕೆಳಗೆ ಬಿಟ್ಟು, ಅಂಚು ಹಿಡಿದು ಎದ್ದರಾಯಿತು. ಹಲಗೆ ಗಟ್ಟಿ, ನೆಲದ ಗುಣವೆಲ್ಲ ಅದಕ್ಕೂ ಇದೆ. ಹತ್ತಿಯ ಗಾದಿ ಮೇಲೆ ಮಾಡಬೇಡಿ, ಸೊಂಟ ಕುಸಿಯುತ್ತದೆ. ತೆಳ್ಳಗಿನ ಜಮಖಾನ ಸಾಕು. ಒಂದು ಕಾಲು ಮಡಚಿ ಪಾದ ಊರಿಟ್ಟುಕೊಳ್ಳಿ, ಆಗ ಬೆನ್ನು ಕಮಾನಾಗುವುದಿಲ್ಲ. ಇನ್ನೊಂದನ್ನು ನೆಟ್ಟಗೆ ಎತ್ತಿ. ಮಡಚಿದ ಮೊಣಕಾಲಿನ ಎತ್ತರಕ್ಕೆ ಬಂದರೆ ಸಾಕು, ಅದಕ್ಕಿಂತ ಮೇಲೆ ಹೋಗಿ ಲಾಭವಿಲ್ಲ. ಕಾಲು ಮಟ್ಟಸವಾಗಿದ್ದಾಗಲೇ ಭಾರ ಜಾಸ್ತಿ, ಮೇಲೇರಿದಷ್ಟೂ ಹಗುರ. ಉಸಿರು ಮಾತ್ರ ಕಟ್ಟಬಾರದು, ಬಿಪಿ ಇದ್ದವರಂತೂ ಇದನ್ನು ಮರೆಯಲೇಬಾರದು.

ಕುರ್ಚಿಯಲ್ಲಿ ಕೂತು ಕಾಲು ಚಾಚುವುದು ಸುಲಭ ಅನ್ನಿಸುತ್ತದೆ. ಆದರೆ ಕಾಲು ನೆಟ್ಟಗಾಗುವ ಕೊನೆಯ ಹಂತದಲ್ಲೇ ಚಿಪ್ಪಿನ ಹಿಂದೆ ಒತ್ತಡ ಜಾಸ್ತಿ. ನನಗೆ ಅಲ್ಲೇ ಕಟಕಟ ಸದ್ದು, ಅಲ್ಲೇ ನೋವು. ತೊಡೆಯ ಕೆಳಗೆ ಮಡಚಿದ ಟವೆಲ್ ಇಟ್ಟರೆ ಅಂಚು ಚುಚ್ಚುವುದು ತಪ್ಪುತ್ತದೆ, ಒಳಗಿನ ನೋವು ತಪ್ಪುವುದಿಲ್ಲ. ಪ್ರಯಾಣದಲ್ಲಿ ಪರವಾಗಿಲ್ಲ.

ಅಡುಗೆ ಕಟ್ಟೆ ಹಿಡಿದು ನಿಂತು, ಸ್ವಲ್ಪ ಮಾತ್ರ ಮೊಣಕಾಲು ಬಗ್ಗಿಸಿ ಮತ್ತೆ ನೆಟ್ಟಗಾಗುವುದನ್ನು ನಾನು ಬಿಟ್ಟಿಲ್ಲ. ಖರ್ಚಿಲ್ಲ. ನಿಂತಾಗ ಆಧಾರ ಪಾದಗಳಷ್ಟೇ, ಹಾಗಾಗಿ ಸೊಂಟ, ಮೀನಖಂಡ, ಬೆನ್ನು ಎಲ್ಲವೂ ಕೆಲಸ ಮಾಡಬೇಕು. ಮೆಟ್ಟಿಲು ಹತ್ತುವುದಕ್ಕೆ, ಬಸ್ಸು ಹತ್ತುವುದಕ್ಕೆ ಬೇಕಾದ ಬಲ ಬರುವುದು ಹೀಗೆಯೇ. ಆದರೆ ಇದು ಎರಡನೆಯ ಹಂತ. ತೊಡೆಗೆ ಸ್ವಲ್ಪ ಬಲ ಬಂದ ಮೇಲೆ ಶುರು ಮಾಡಿ. ತುಂಬಾ ಬಗ್ಗಿದರೆ ಇಲ್ಲೂ ಚಿಪ್ಪಿಗೆ ಒತ್ತಡ ಏರುತ್ತದೆ. ರೊಟ್ಟಿ ಬಡಿದು ದಣಿದ ಮೇಲಂತೂ ಬೇಡ.

ನಿಮ್ಮ ಮೊಣಕಾಲು ಗಟ್ಟಿ ಇದ್ದು ಬೆನ್ನಿಗಾಗಿ ಮಾತ್ರ ವ್ಯಾಯಾಮ ಮಾಡುವವರಾದರೆ ಮಂಚಕ್ಕೆ ದುಡ್ಡು ಹಾಕಬೇಡಿ, ನೆಲವೇ ಸಾಕು. ಮೊಣಕಾಲು ಊದಿದ್ದರೆ, ಬಿಸಿಯಾಗಿದ್ದರೆ ಮೊದಲು ಫಿಜಿಯೋಥೆರಪಿಸ್ಟ್ ಅಥವಾ ಡಾಕ್ಟರಿಗೆ ತೋರಿಸಿ. ನನಗೆ ಐದಕ್ಕೆ ಎಚ್ಚರವಾಗುತ್ತದೆ. ನೀರು ಬರುವ ಮೊದಲು, ಮಂಚದಿಂದ ಇಳಿಯದೆಯೇ ಎರಡೂ ಕಾಲಿನದ್ದು ಮುಗಿಸುತ್ತೇನೆ. ಬೇರೆ ಹೊತ್ತು ನನಗೆ ಸಿಗುವುದಿಲ್ಲ. ಮೂರು ಸಾವಿರ ಜಾಸ್ತಿ ಅನ್ನಿಸಿದವರು ಮನೆಯ ದಿವಾನದ ಗಾದಿ ತೆಗೆದು ಹಲಗೆ ಮೇಲೆ ಮಾಡಿ ನೋಡಿ. ಕೂತಾಗ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಅಷ್ಟು ಎತ್ತರವಿದ್ದರೆ ಹೊಸದು ಕೊಳ್ಳುವ ಅಗತ್ಯವಿಲ್ಲ.