ಸಕ್ಕರೆ ಕಾಯಿಲೆ ಇಲ್ಲದ ತಮ್ಮನಿಗೆ ಇನ್ಸುಲಿನ್: ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆರು ದಿನ

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನನ್ನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿ ಆರು ದಿನ ಅಲ್ಲೇ ಉಳಿದಿದ್ದೆ. ಆಳಂದ ಕಡೆಯ ನಮ್ಮಂಥವರು ಇಂಥ ಹೊತ್ತಿನಲ್ಲಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಗಾಡಿ ಮಾಡಿಕೊಂಡು ಓಡುವುದೇ ರೂಢಿಯಾದ್ದರಿಂದ, ಇಲ್ಲಿನ ತೀವ್ರ ನಿಗಾ ಘಟಕದ ಬಗ್ಗೆ ಬರೆಯಬೇಕೆನಿಸಿತು.

ಮೇಲುಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಇರಿಯುವ ನೋವು, ಜೊತೆಗೆ ನಿಲ್ಲದ ವಾಂತಿ. ಊರಿನಲ್ಲಿ ಗ್ಯಾಸೆಂದು ಎರಡು ಇಂಜೆಕ್ಷನ್ ಆಗಿದ್ದವು. ಇಲ್ಲಿ ಬಂದೊಡನೆ ಮೇದೋಜೀರಕ ಗ್ರಂಥಿಯ ಕಿಣ್ವವಾದ ಲೈಪೇಸ್‌ನ ಪರೀಕ್ಷೆಗೆ ರಕ್ತ ತೆಗೆದರು. ಅದು ಮಿತಿಯ ಮೂರು ಪಟ್ಟನ್ನು ಎಷ್ಟೋ ದಾಟಿತ್ತು. ಮೇದೋಜೀರಕ ಗ್ರಂಥಿಯ ಉರಿಯೂತ ಎಂದರು. ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ, ತಮ್ಮನಿಗೆ ಕುಡಿತವೂ ಇಲ್ಲ. ಕಾರಣ ಕಂಡದ್ದು ಪ್ರಯೋಗಾಲಯದಲ್ಲಿ. ಅಲ್ಲಿನ ಹುಡುಗ ರಕ್ತದ ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದ: ತಳದಲ್ಲಿ ಕೆಂಪು, ಅದರ ಮೇಲೆ ತಿಳಿಹಳದಿ ನೀರು ಇರಬೇಕಾದ ಕಡೆ ಎಮ್ಮೆಯ ಹಾಲಿನಂಥ ಬಿಳುಪು. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕಾದದ್ದು 2,900 ಇತ್ತು. ಸಾವಿರ ದಾಟಿದ ಮೇಲೆ ಈ ಕೊಬ್ಬೇ ಗ್ರಂಥಿಯನ್ನು ಕೆರಳಿಸಬಲ್ಲುದಂತೆ.

ಸಂಜೆ ಇನ್ಸುಲಿನ್ ಪಂಪ್ ಹಚ್ಚಿದಾಗ ನಾನು ಜಗಳಕ್ಕೇ ನಿಂತೆ. ರಕ್ತದ ಸಕ್ಕರೆ 126 ಇದ್ದವನಿಗೆ ಇನ್ಸುಲಿನ್ ಯಾಕೆ? ಪಾಳಿಯಲ್ಲಿದ್ದ ಕಿರಿಯ ವೈದ್ಯೆ ಸಿಟ್ಟಾಗದೆ, ಕೇಸ್ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದರು: ರಕ್ತನಾಳದ ಗೋಡೆಯಲ್ಲಿ ಕೊಬ್ಬನ್ನು ಒಡೆಯುವ ಒಂದು ಕಿಣ್ವವಿದೆ, ಇನ್ಸುಲಿನ್ ಅದನ್ನು ಚುರುಕುಗೊಳಿಸುತ್ತದೆ, ಸಕ್ಕರೆ ಕುಸಿಯದಂತೆ ಪಕ್ಕದಲ್ಲೇ ಸಕ್ಕರೆಯ ದ್ರಾವಣವಾದ ಡೆಕ್ಸ್‌ಟ್ರೋಸ್ ಹರಿಯುತ್ತಿರುತ್ತದೆ. ಬರೀ ಉಪವಾಸ ಮತ್ತು ಸಲೈನಿನಿಂದಲೂ ಕೊಬ್ಬು ಇಳಿಯುತ್ತದೆ, ಇನ್ಸುಲಿನ್ ಎಲ್ಲರಿಗೂ ಬೇಕೆಂದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನನಗೆ ನಂಬಿಕೆ ಬಂದದ್ದು ಆ ಮಾತಿನಿಂದ.

ಶುಶ್ರೂಷಕಿಯರ ಕೆಲಸಕ್ಕೆ ಪೂರ್ಣ ಅಂಕ. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದರು, ಪೊಟ್ಯಾಶಿಯಂ ತಪಾಸಣೆಯೂ ತಪ್ಪುತ್ತಿರಲಿಲ್ಲ. ಎರಡನೆಯ ರಾತ್ರಿ ಮೂರರ ಸುಮಾರಿಗೆ ತಮ್ಮ ಬೆವೆತು, ಮಾತು ತೊದಲತೊಡಗಿದ. ಮೀಟರ್ 58 ತೋರಿಸಿತು. ನಾನು ಕೂಗುವ ಮೊದಲೇ ಪಂಪ್ ನಿಂತಿತ್ತು, ಡೆಕ್ಸ್‌ಟ್ರೋಸ್ ಏರಿತ್ತು. ಬೆಳಗಾದಾಗ ಅವನ ಎಡಗೈ ಬೆರಳ ತುದಿಗಳಲ್ಲಿ ಚುಚ್ಚದ ಜಾಗ ಹುಡುಕಬೇಕಿತ್ತು. ಮೂರನೆಯ ದಿನ ಟ್ರೈಗ್ಲಿಸರೈಡ್ 500ರ ಕೆಳಗೆ ಬಂದು, ಇನ್ಸುಲಿನ್ ನಿಲ್ಲಿಸಿದರು.

ದೂರು ಇರುವುದು ಬಿಡುಗಡೆಯ ದಿನದ ಬಗ್ಗೆ. "ಒಮ್ಮೆ ಇನ್ಸುಲಿನ್ ಹಿಡಿದರೆ ಬಿಡಂಗಿಲ್ಲ" ಎಂದು ನೋಡಲು ಬಂದ ಬಂಧುಗಳೆಲ್ಲ ಹೆದರಿಸಿದ್ದರು. ಬಿಡುಗಡೆ ಪತ್ರ ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಇನ್ಸುಲಿನ್ ಬೇಕಿಲ್ಲ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ನಾನೇ ಮರಳಿ ಹೋಗಿ ಕೇಳಿದ ಮೇಲೆ, ಕೊಬ್ಬು ಇಳಿಸುವ ಫೆನೋಫೈಬ್ರೇಟ್ ಮಾತ್ರೆ ಸಾಕೆಂದರು. ಪಕ್ಕದ ಹಾಸಿಗೆಯ ಹಿರಿಯರ ಸ್ಥಿತಿ ಬೇರೆಯಿತ್ತು: ವರ್ಷಗಳ ಉರಿಯೂತದಿಂದ ಗ್ರಂಥಿಯೇ ಸವೆದು ಅವರಿಗೆ ನಿತ್ಯ ಇನ್ಸುಲಿನ್ ಬೇಕು, ಮೇಲಾಗಿ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಕೂಡ ಅದೇ ಗ್ರಂಥಿಯಿಂದ ಬರಬೇಕಾದ್ದರಿಂದ ಅವರ ಸಕ್ಕರೆ ಬೇಗ ಕುಸಿಯುತ್ತದೆ. ಇಬ್ಬರಿಗೂ ಕೊಟ್ಟದ್ದು ಒಂದೇ ಅಚ್ಚಿನ ಪಥ್ಯದ ಚೀಟಿ. ಅದರಲ್ಲಿ ಓಟ್ಸ್ ಇತ್ತು, ಬ್ರೌನ್ ಬ್ರೆಡ್ ಇತ್ತು. ದಿನಾ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಮೇಲೊಂದಿಷ್ಟು ಎಣ್ಣೆ ಹಾಕಿಕೊಳ್ಳುವವನು ಏನು ಬಿಡಬೇಕೆಂಬುದು ಮಾತ್ರ ಇರಲಿಲ್ಲ.

ಚಿಕಿತ್ಸೆಗೆ ಐದಕ್ಕೆ ಐದು, ಮನೆಗೆ ಕಳಿಸುವ ಕ್ರಮಕ್ಕೆ ಎರಡು. ರಕ್ತದಲ್ಲಿ ಹೀಗೆ ಕೊಬ್ಬು ಏರುವುದು ಮನೆತನದಲ್ಲಿ ಹರಿಯಬಹುದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆ ವೈದ್ಯೆ ಹೇಳಿದ್ದರಿಂದ ನಾನೂ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ 410 ಬಂದಿದೆ, ಮುಂದಿನ ವಾರ ಅದೇ ಆಸ್ಪತ್ರೆಗೆ ತೋರಿಸಲು ಹೋಗುತ್ತಿದ್ದೇನೆ.