ಟ್ರಾಕ್ಸ್ಲರ್ 3440 ನ್ಯೂಕ್ ಗೇಜ್: ಮೂರು ವರ್ಷ ಪಿಕಪ್ ಹಿಂದೆ ಹಾಕ್ಕೊಂಡು ತಿರುಗಿದ ಮೇಲೆ ಹೇಳ್ತಿರೋದು

ಡಲ್ಲಾಸ್ ಸುತ್ತಮುತ್ತ ಮಣ್ಣು ಟೆಸ್ಟಿಂಗ್ ಕೆಲಸದಲ್ಲಿದ್ದೀನಿ. ಮನೆ ಲೇಔಟು, ರೋಡು, ಪೈಪ್‌ಲೈನ್ ಟ್ರೆಂಚು, ಎಲ್ಲಿ ಮಣ್ಣು ತುಂಬಿ ರೋಲರ್ ಹೊಡೀತಾರೋ ಅಲ್ಲಿಗೆ ಹೋಗಿ ದಮ್ಮಸ್ ಸರಿಯಾಗಿ ಕೂತಿದೆಯಾ ಅಂತ ನೋಡೋದು ನನ್ನ ಕೆಲಸ. ಇಲ್ಲಿನ ಕಪ್ಪು ಮಣ್ಣು ನಮ್ಮ ದಾವಣಗೆರೆ ಕಡೆ ಎರೆ ಮಣ್ಣಿನ ಒಡಹುಟ್ಟಿದ್ದು ಅನ್ನೋ ಥರ ಇದೆ, ಮಳೆಗೆ ಉಬ್ಬುತ್ತೆ, ಬೇಸಿಗೇಲಿ ಕೈ ತೂರೋಷ್ಟು ಬಿರುಕು ಬಿಡುತ್ತೆ, ಹಂಗಾಗಿ ದಮ್ಮಸ್ಸು, ತೇವ ಎರಡನ್ನೂ ನೋಡ್ದೆ ಮೇಲೆ ಸ್ಲ್ಯಾಬ್ ಹಾಕಿದ್ರೆ ಆಮೇಲೆ ಗೋಡೆ ಸೀಳೋದು ಖಂಡಿತ. ಊರಿಂದ ಎಂಎಸ್ ಮಾಡೋಕೆ ಬಂದು ಇದೇ ಕೆಲಸಕ್ಕೆ ಸೇರೋ ಹುಡುಗ್ರು ತುಂಬಾ ಜನ ನನ್ನ ಹತ್ರ ಈ ನ್ಯೂಕ್ ಗೇಜ್ ಬಗ್ಗೆ, ಅಂದ್ರೆ ಮಣ್ಣಿನ ಸಾಂದ್ರತೆ, ತೇವ ಎರಡನ್ನೂ ರೇಡಿಯೇಶನ್ ಬಳಸಿ ಅಳೆಯೋ ಮೆಷಿನ್ ಬಗ್ಗೆ ಕೇಳ್ತಾರೆ, ಅದಕ್ಕೇ ಕೂತು ಪೂರ್ತಿ ಬರೀತಿದ್ದೀನಿ.

ನಮ್ಮ ಕಂಪನೀಲಿ ಇರೋದು ಟ್ರಾಕ್ಸ್ಲರ್ 3440. ಗೇಜ್ ಸುಮಾರು 13 ಕಿಲೋ, ಆದ್ರೆ ಬಾಕ್ಸು, ರೆಫರೆನ್ಸ್ ಬ್ಲಾಕು, ಪಿನ್ನು, ಪ್ಲೇಟು ಎಲ್ಲಾ ಸೇರಿದ್ರೆ 40 ಕಿಲೋ ಆಗುತ್ತೆ, ಒಬ್ಬರೇ ಎತ್ತೋಕೆ ಹೋಗ್ಬೇಡಿ, ಸೊಂಟ ಹಿಡ್ಕೊಳ್ಳುತ್ತೆ. ಒಳಗೆ ಎರಡು ಸೋರ್ಸ್, ಅಂದ್ರೆ ರೇಡಿಯೇಶನ್ ಸೂಸೋ ವಸ್ತು ಇದೆ. ರಾಡ್ ತುದೀಲಿ ಸೀಸಿಯಂ 137, 8 ಮಿಲಿಕ್ಯೂರಿ (ಸೋರ್ಸಿನ ಶಕ್ತಿ ಅಳೆಯೋ ಮಾನ), ಇದು ಸಾಂದ್ರತೆಗೆ. ತಳದಲ್ಲೇ ಗಟ್ಟಿಯಾಗಿ ಕೂತಿರೋದು ಅಮೆರಿಸಿಯಂ-ಬೆರಿಲಿಯಂ, 40 ಮಿಲಿಕ್ಯೂರಿ, ಇದು ತೇವಾಂಶಕ್ಕೆ. ಸೀಸಿಯಂನಿಂದ ಬರೋ ಗಾಮಾ ಕಿರಣ ಮಣ್ಣು ತೂರಿ ಹಿಂದಿರೋ ಟ್ಯೂಬ್‌ಗೆ ಎಷ್ಟು ಮುಟ್ತು ಅಂತ ಗೇಜ್ ಎಣಿಸುತ್ತೆ, ಮಣ್ಣು ಗಟ್ಟಿ ಇದ್ದಷ್ಟೂ ಮುಟ್ಟೋದು ಕಮ್ಮಿ. ಇನ್ನೊಂದರಿಂದ ಬರೋ ನ್ಯೂಟ್ರಾನ್‌ಗಳನ್ನ ನೀರಲ್ಲಿರೋ ಹೈಡ್ರೋಜನ್ ನಿಧಾನ ಮಾಡುತ್ತೆ, ಆ ನಿಧಾನ ಆದವನ್ನ ಎಣಿಸಿದ್ರೆ ತೇವಾಂಶ ಸಿಕ್ತು.

ಬಳಸೋಕೆ ಇದರಷ್ಟು ಸಲೀಸಾದ ಮೆಷಿನ್ ನಾನು ಕಂಡಿಲ್ಲ. ಬೆಳಿಗ್ಗೆ ಬ್ಲಾಕ್ ಮೇಲಿಟ್ಟು 4 ನಿಮಿಷ ಸ್ಟ್ಯಾಂಡರ್ಡ್ ಕೌಂಟ್ (ಗೇಜ್ ಸರಿ ಇದೆಯಾ ಅಂತ ನೋಡೋ ಎಣಿಕೆ), ಹಿಂದಿನ ದಿನಗಳ ಲೆಕ್ಕಕ್ಕೆ ತಾಳೆ ಆದ್ರೆ ಆ ದಿನದ ಕೆಲಸ ಶುರು. ನೆಲ ಸಮ ಮಾಡಿ, ಪಿನ್ ಬಡಿದು ತೂತು ಮಾಡಿ, ರಾಡ್ ಇಳಿಸಿ, ಗೇಜನ್ನ ಮೆಲ್ಲಗೆ ನಿಮ್ಮ ಕಡೆ ಎಳ್ಕೊಳ್ಳಿ, ರಾಡು ತೂತಿನ ಗೋಡೆಗೆ ಅಂಟಿ ನಿಂತಿರ್ಬೇಕು, ಗಾಳಿ ಸಂದು ಉಳಿದ್ರೆ ರೀಡಿಂಗ್ ಸುಳ್ಳು ಹೇಳುತ್ತೆ. ಒಂದು ನಿಮಿಷಕ್ಕೆ ಶಾಟ್, ಅಂದ್ರೆ ಒಂದು ರೀಡಿಂಗ್, ಮುಗೀತು. ಊರಲ್ಲಿ ಮಣ್ಣು ಅಗೆದು ತೂಗೋ ಕೋರ್ ಕಟರ್, ಸ್ಯಾಂಡ್ ರಿಪ್ಲೇಸ್‌ಮೆಂಟ್ ಟೆಸ್ಟ್ ಮಾಡಿ ತೇವಕ್ಕೆ ಓವನ್ ಮುಂದೆ ಮಾರನೇ ದಿನದವರೆಗೆ ಕಾಯ್ದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಟ್ರೆಂಚ್ ಒಳಗೆ ಗೋಡೆ ಪಕ್ಕ ಇಟ್ಟಾಗ, ಜಿಪ್ಸಮ್ ಇರೋ ಮಣ್ಣಲ್ಲಿ, ತೇವ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಅದಕ್ಕೆ ಕರೆಕ್ಷನ್ ಹಾಕ್ಬೇಕು. ಇನ್ನೊಂದು ಗೇಜ್ ಇದ್ರೆ 10 ಮೀಟರ್ ಆದ್ರೂ ದೂರ ಇರ್ಲಿ.

ಇನ್ನು ಎಲ್ಲರೂ ಕೇಳೋ ವಿಷಯ. ಕೆಲಸಕ್ಕೆ ಸೇರಿದಾಗ ಅಮ್ಮನಿಗೆ ಫೋನಲ್ಲಿ ಹೇಳಿದೆ, ನ್ಯೂಕ್ಲಿಯರ್ ಅನ್ನೋ ಪದ ಕೇಳಿದ್ದೇ ತಡ "ಬೇಡಪ್ಪ, ಬೇರೆ ಕೆಲಸ ನೋಡ್ಕೋ" ಅಂತ ಅತ್ತೇಬಿಟ್ರು. ಅವರಿಗೆ ನಾನು ತೋರಿಸಿದ್ದು ನನ್ನ ಬ್ಯಾಡ್ಜ್ ರಿಪೋರ್ಟು. ಆ ಬ್ಯಾಡ್ಜ್ ಅಂದ್ರೆ ಮೈಗೆ ತಾಗಿದ ರೇಡಿಯೇಶನ್ ಅಳೆಯೋಕೆ ಎದೆ ಮೇಲೆ ಹಾಕ್ಕೊಳ್ಳೋ ಡೋಸಿಮೀಟರ್, ಅದು ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತೆ, ಮೂರು ವರ್ಷದಲ್ಲಿ ಯಾವ ವರ್ಷವೂ ನನ್ನದು 1 ಮಿಲಿಸೀವರ್ಟ್ (ಡೋಸ್ ಅಳೆಯೋ ಮಾನ) ಮುಟ್ಟಿಲ್ಲ, ಇಲ್ಲಿ ಕೆಲಸಗಾರರಿಗೆ ವರ್ಷದ ಮಿತಿ 50, ಸಾಮಾನ್ಯ ಜನಕ್ಕೆ 1. ಅಷ್ಟು ಕಮ್ಮಿ ಬಂದಿದ್ದು ಮೆಷಿನ್ ಒಳ್ಳೇದು ಅನ್ನೋ ಒಂದೇ ಕಾರಣಕ್ಕಲ್ಲ, ಶಾಟ್ ಒತ್ತಿದ ತಕ್ಷಣ ಹಿಂದೆ ಸರಿದು ನಿಲ್ತೀನಿ ಅದಕ್ಕೆ. ಒಂದು ಮೀಟರಿಂದ ಮೂರು ಮೀಟರಿಗೆ ಹೋದ್ರೆ ಡೋಸ್ ಒಂಬತ್ತನೇ ಒಂದು ಭಾಗಕ್ಕಿಳಿಯುತ್ತೆ. ಗೇಜ್ ಮೇಲೆ ಕೂತು ಊಟ ಮಾಡೋರನ್ನ ನಾನು ಕಣ್ಣಾರೆ ನೋಡಿದ್ದೀನಿ, ದಯವಿಟ್ಟು ಹಂಗೆ ಮಾಡ್ಬೇಡಿ, ಬ್ಯಾಡ್ಜನ್ನ ಗೇಜ್ ಬಾಕ್ಸೊಳಗೇ ಇಟ್ಟು ಮನೆಗೆ ಹೋಗ್ಬೇಡಿ, ಮುಂದಿನ ರಿಪೋರ್ಟ್ ನೋಡಿ ಎಲ್ಲರೂ ಗಾಬರಿ ಆಗ್ತಾರೆ.

ಆದ್ರೆ ನಿಜವಾದ ಭಯ ರೇಡಿಯೇಶನ್ನಿಂದಲ್ಲ ಕಣ್ರೀ, ರೋಲರಿಂದ. ಈ ಗೇಜ್‌ಗಳು ಹಾಳಾಗೋದು ಬಹುಪಾಲು ಯಾವುದೋ ದೊಡ್ಡ ಗಾಡಿ ಮೇಲೆ ಹತ್ತಿದಾಗ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ, ನಲವತ್ತು ಡಿಗ್ರಿ ಬಿಸಿಲು, ಗೇಜ್ ರಾಡ್ ಇಳಿಸಿ ಶಾಟ್ ಒತ್ತಿ ನೀರಿನ ಬಾಟಲಿಗೆ ಅಂತ ಗಾಡಿ ಕಡೆ ಇಪ್ಪತ್ತು ಹೆಜ್ಜೆ ಹೋದೆ. ತಿರುಗಿ ನೋಡ್ತೀನಿ, ಡ್ರಮ್ ತುಂಬಾ ಗುಬಟು ಇರೋ ಶೀಪ್‌ಫೂಟ್ ರೋಲರ್ ಬೀಪ್ ಬೀಪ್ ಅಂತ ರಿವರ್ಸ್ ಬರ್ತಿದೆ, ನೇರ ಗೇಜ್ ಕಡೆಗೇ. ಆ ಸೀಟಲ್ಲಿ ಕೂತವರಿಗೆ ಮೊಣಕಾಲೆತ್ತರದ ಹಳದಿ ಪೆಟ್ಟಿಗೆ ಕಾಣೋದೇ ಇಲ್ಲ. ಕೂಗಿದ್ರೆ ಎಂಜಿನ್ ಸದ್ದಲ್ಲಿ ಯಾರಿಗೆ ಕೇಳ್ಬೇಕು, ಎರಡೂ ಕೈ ಬೀಸ್ಕೊಂಡು ಅವರ ಕನ್ನಡಿಗೆ ಬೀಳೋ ಹಂಗೆ ಪಕ್ಕದಿಂದ ಓಡಿದೆ, ಡ್ರಮ್ಮಿಗೂ ಗೇಜಿಗೂ ನಡುವೆ ನಾಲ್ಕಡಿ ಇರುವಾಗ ನಿಂತ್ರು. ಕೈಕಾಲು ನಡುಗ್ತಿತ್ತು. ನಮ್ಮ ಸೀನಿಯರ್ ಬಂದು ಬೈಲಿಲ್ಲ, ಒಂದೇ ಮಾತು ಹೇಳಿದ್ರು, "ರಾಡ್ ನೆಲದಲ್ಲಿರೋವರೆಗೆ ನೀನು ಅಲ್ಲೇ ಇರ್ಬೇಕು." ತಪ್ಪು ಪೂರ್ತಿ ನನ್ನದು. ಅವತ್ತಿಂದ ಶಾಟ್‌ಗೆ ಮುಂಚೆ ಆಪರೇಟರ್ ಕಣ್ಣಿಗೆ ಕಣ್ಣು ಕೊಟ್ಟು ಕೈ ಎತ್ತಿ ತೋರಿಸ್ತೀನಿ, ಸುತ್ತ ಕೋನ್ ಇಡ್ತೀನಿ, ಗಾಡಿ ಬರೋ ದಿಕ್ಕಿಗೆ ಮುಖ ಮಾಡಿ ಗೇಜಿನಿಂದ ಎರಡು ಮೂರು ಮೀಟರ್‌ನಲ್ಲಿ ನಿಲ್ತೀನಿ.

ಅಕಸ್ಮಾತ್ ಗೇಜ್ ಮೇಲೆ ಗಾಡಿ ಹತ್ತೇಬಿಡ್ತು ಅನ್ಕೊಳ್ಳಿ. ಆ ಗಾಡಿಯನ್ನ ಅಲ್ಲೇ ನಿಲ್ಲಿಸಿ, ಹೋಗೋಕೆ ಬಿಡ್ಬೇಡಿ, ಚಕ್ರಕ್ಕೆ ಏನಾದ್ರೂ ಅಂಟಿದೆಯಾ ಅಂತ ಚೆಕ್ ಆಗ್ಬೇಕು. ಸುತ್ತ 5 ಮೀಟರ್ ಜನರನ್ನ ದೂರ ಇಡಿ, ರೇಡಿಯೇಶನ್ ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಿ, ಅವರು ಮೀಟರ್ ತರೋವರೆಗೆ ಜಾಗ ಬಿಟ್ಟು ಕದಲ್ಬೇಡಿ. ಸೋರ್ಸ್‌ಗಳು ಸ್ಟೀಲ್ ಕ್ಯಾಪ್ಸೂಲೊಳಗೆ ಸೀಲ್ ಆಗಿರ್ತವೆ, ಗೇಜ್ ಚಪ್ಪಟೆ ಆದ್ರೂ ಕ್ಯಾಪ್ಸೂಲ್ ಸಾಮಾನ್ಯವಾಗಿ ಒಡಿಯಲ್ಲ, ಆದ್ರೆ ರಾಡ್ ಬಾಗಿ ಸೋರ್ಸ್ ಹೊರಗೇ ಉಳಿದಿದ್ರೆ ಕೈ ಹಾಕೋದು ಯಾರಿಗೂ ಒಳ್ಳೇದಲ್ಲ.

ಸಾಗಾಟಕ್ಕೆ ಬರ್ತೀನಿ, ನನಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದೇ ಆ ಹಳದಿ ಬಾಕ್ಸು. ಅದು ಬರೀ ಪೆಟ್ಟಿಗೆ ಅಲ್ಲ, ಟೈಪ್ ಎ ಪ್ಯಾಕೇಜ್, ಅಂದ್ರೆ ರೇಡಿಯೇಶನ್ ವಸ್ತು ಸಾಗಿಸೋಕೆ ಅಂತ ಟೆಸ್ಟ್ ಆಗಿರೋದು. ಎರಡು ಬದೀಲಿ ಯೆಲ್ಲೋ 2 ಅನ್ನೋ ರೇಡಿಯೇಶನ್ ಎಚ್ಚರಿಕೆ ಲೇಬಲ್ ಇರ್ಬೇಕು, ಓದೋಕೆ ಬರೋ ಹಂಗಿರ್ಬೇಕು. ಲೇಬಲ್‌ನಲ್ಲಿರೋ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್ ಅಂದ್ರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿರೆಮ್ (100 ಮಿಲಿರೆಮ್ ಅಂದ್ರೆ 1 ಮಿಲಿಸೀವರ್ಟ್) ಅನ್ನೋದು, ಯೆಲ್ಲೋ 2ರಲ್ಲಿ ಅದು 1 ದಾಟಂಗಿಲ್ಲ. ಪಿಕಪ್‌ನ ಹಿಂದಿನ ಬೆಡ್‌ನಲ್ಲಿ ಡ್ರೈವರಿಂದ ಆದಷ್ಟು ದೂರ, ಬ್ರೇಕ್ ಹಾಕಿದ್ರೂ ಜಾರದ ಹಂಗೆ ಕಟ್ಟಿ. ಶಿಪ್ಪಿಂಗ್ ಪೇಪರ್ ಸೀಟ್ ಬೆಲ್ಟ್ ಹಾಕ್ಕೊಂಡು ಕೂತಾಗ ಕೈಗೆಟಕೋ ಜಾಗದಲ್ಲಿ, ಕಾಣೋ ಹಂಗೆ ಇರ್ಬೇಕು, ಗಾಡಿಯಿಂದ ಇಳಿದ್ರೆ ಡ್ರೈವರ್ ಸೀಟ್ ಮೇಲೋ ಡ್ರೈವರ್ ಬಾಗಿಲಿನ ಖಾನೇಲೋ ಇಡಿ, ಯಾಕಂದ್ರೆ ಆಕ್ಸಿಡೆಂಟ್ ಆಗಿ ನಿಮಗೆ ಮಾತಾಡೋಕೆ ಆಗ್ದೆ ಹೋದ್ರೆ ಆ ಕಾಗದವೇ ನಿಮ್ಮ ಪರವಾಗಿ ಮಾತಾಡ್ಬೇಕು.

ಬೀಗದ ವಿಷಯಕ್ಕೆ 2005ರಿಂದ ಇಲ್ಲಿ ಕಾನೂನೇ ಇದೆ, ಗೇಜ್ ನಿಮ್ಮ ಕಣ್ಣಳತೇಲಿ ಇಲ್ಲದಿದ್ದಾಗ ಅದನ್ನ ಎತ್ಕೊಂಡು ಹೋಗೋಕೆ ಅಡ್ಡ ಆಗೋ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ತಡೆ ಇರ್ಬೇಕು. ನಮ್ಮದು ಹೆಂಗೆ ಅಂದ್ರೆ ಬೆಡ್‌ಗೆ ಬೋಲ್ಟ್ ಹಾಕಿರೋ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಬೀಗ, ಅದರೊಳಗೆ ಗೇಜ್ ಬಾಕ್ಸಿಗೆ ಸರಪಳಿ, ಅದಕ್ಕೆ ಬೇರೆ ಕೀಲಿಯ ಬೇರೆ ಬೀಗ. ರಾಡ್ ಹ್ಯಾಂಡಲ್ ಮೇಲಿನ ಬೀಗ ಇದರಲ್ಲಿ ಲೆಕ್ಕಕ್ಕಿಲ್ಲ, ಅದು ಸೋರ್ಸ್ ಹೊರಗೆ ಬರೋದನ್ನ ತಡೆಯುತ್ತೆ, ಕಳ್ಳನನ್ನ ತಡೆಯಲ್ಲ. ಊಟಕ್ಕೆ ಹತ್ತು ನಿಮಿಷ ಅಂತ ಹೋಟೆಲ್ ಮುಂದೆ ಗಾಡಿ ನಿಲ್ಸಿದಾಗ್ಲೇ ಕಳುವಾಗೋದು.

ಬೀಗ ಹಾಕಿ ಕಟ್ಟಿದ್ರೆ ಸಾಲ್ದು, ಹೊರಡೋ ಮುಂಚೆ, ಜಾಗ ತಲುಪಿದ ಮೇಲೆ, ಕಣ್ಣಾರೆ ನೋಡ್ಬೇಕು. 2023ರ ಜನವರೀಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಗಿದ್ದು ನೆನಪಿರಬಹುದು, ಗಣಿಯಿಂದ ಪರ್ತ್‌ಗೆ ಹೊರಟ ಡೆನ್ಸಿಟಿ ಗೇಜ್ ದಾರೀಲಿ ಅಲ್ಲಾಡಿ ಅಲ್ಲಾಡಿ ಬೋಲ್ಟ್ ಬಿಟ್ಟು 8 ಮಿಲಿಮೀಟರ್ ಉದ್ದದ ಸೀಸಿಯಂ ಕ್ಯಾಪ್ಸೂಲ್ ರಸ್ತೆಗೆ ಉದುರಿಹೋಯ್ತು. ಸುಮಾರು 1,400 ಕಿಲೋಮೀಟರ್ ದಾರಿ. ಪೆಟ್ಟಿಗೆ ಬಿಚ್ಚಿ ನೋಡಿದ್ದು ಜನವರಿ 25ಕ್ಕೆ, ಸಿಕ್ಕಿದ್ದು ಫೆಬ್ರವರಿ 1ಕ್ಕೆ. ಅದು ಗಣೀಲಿ ಒಂದೇ ಕಡೆ ಕೂರಿಸೋ ಬೇರೆ ಥರದ ಗೇಜು, ನಮ್ಮದರಂತಲ್ಲ, ಆದ್ರೆ ಮಣ್ಣು ರೋಡಲ್ಲಿ ಕುಲುಕಾಡೋದು ನಮ್ಮದೂ ಅಷ್ಟೇ.

ಈಗ ಬೇಜಾರಿನ ಸಂಗತಿ. ಹೋದ ವರ್ಷ ನಮ್ಮ ಗೇಜ್ ಕ್ಯಾಲಿಬ್ರೇಶನ್‌ಗೆ ಹೋದಾಗ ಒಂದು ಅಂಗಡಿಯಿಂದ ಎರಡು ವಾರ ಬಾಡಿಗೆಗೆ ತಂದ್ವಿ, ಹೆಸರು ಬೇಡ. ಬಾಕ್ಸಿನ ಒಂದು ಚಿಲಕ ಮುರಿದಿತ್ತು, ಟೇಪ್ ಸುತ್ತಿದ್ರು. ಶಿಪ್ಪಿಂಗ್ ಪೇಪರ್‌ನಲ್ಲಿದ್ದ ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿ ನೋಡಿದೆ, ಅದು ಚಾಲ್ತೀಲೇ ಇಲ್ಲ. ಇಷ್ಟಾದ್ರೂ ಹೇಗೋ ಸಹಿಸಬಹುದಿತ್ತು. ಮೊದಲ ಶಾಟ್ ಆದ್ಮೇಲೆ ಹ್ಯಾಂಡಲ್ ಮೇಲೆಳೆದೆ, ದಿನಾ ಕಿವಿಗೆ ಬೀಳೋ ಆ ಟಕ್ ಸದ್ದು ಬರ್ಲಿಲ್ಲ. ರಾಡ್ ಸೇಫ್ ಜಾಗಕ್ಕೆ ಬಂದಾಗ ತಳದಲ್ಲಿರೋ ಶಟರ್ ಜಾರಿ ಬಂದು ಸೋರ್ಸನ್ನ ಮುಚ್ಚೋ ಸದ್ದು ಅದು. ಬಗ್ಗಿ ನೋಡೋದು ಬೇಡ ಅಂತ ಕಲ್ತಿದ್ದು ನೆನಪಾಯ್ತು, ರೇಡಿಯೇಶನ್ ಅಳೆಯೋ ಸರ್ವೆ ಮೀಟರ್ ಪಕ್ಕದಿಂದ ಹಿಡಿದೆ, ತಳದ ಹತ್ರ ಮುಳ್ಳು ಯಾವತ್ತಿಗಿಂತ ಮೇಲೆ. ಗೇಜನ್ನ ನೆಲದ ಮೇಲೇ ಬಿಟ್ಟು ದೂರ ನಿಂತು ನಮ್ಮ ಸೇಫ್ಟಿ ಆಫೀಸರ್ ಮೇಡಂಗೆ ಫೋನ್ ಮಾಡಿದೆ, ಅವರು ಬಂದು ಗೇಜನ್ನ ಪಕ್ಕಕ್ಕೆ ಮಲಗಿಸಿ ತಳ ಆ ಕಡೆ ತಿರುಗಿಸಿ ಉದ್ದ ಹಿಡಿಯ ಬ್ರಶ್‌ನಿಂದ ಕೆರೆದ್ರೆ ಒಳಗಿಂದ ಒಣಗಿ ಇಟ್ಟಿಗೆಯಂತಾಗಿದ್ದ ಹಳೇ ಜೇಡಿ ಮಣ್ಣು ಉಂಡೆ ಉಂಡೆ ಬಿತ್ತು. ಎಷ್ಟು ಬಾಡಿಗೆದಾರರು ಹಂಗೇ ಹೊತ್ತು ತಿರುಗಿದ್ರೋ. ಮಣ್ಣು ಹೋಗಿದ್ದೇ ತಡ ಟಕ್ ಅಂತು, ಮುಳ್ಳು ಇಳೀತು. ಅಂಗಡಿಯವರಿಗೆ ಹೇಳಿದ್ರೆ "ಎಲ್ಲರೂ ಹಂಗೇ ವಾಪಸ್ ತರ್ತಾರೆ" ಅಂದ್ರು. ಆ ಮಾತಿಗೆ ನನಗೆ ಈಗ್ಲೂ ಸಿಟ್ಟಿದೆ. ವಾಪಸ್ ಬಂದಾಗ ತಳ ನೋಡಿ ಕ್ಲೀನ್ ಮಾಡೋಕೆ ಹತ್ತು ನಿಮಿಷ ಸಾಕು.

ಕರ್ನಾಟಕದಲ್ಲಿ ಹೈವೇ ಪ್ರಾಜೆಕ್ಟಲ್ಲಿರೋ ಗೆಳೆಯರಿಗೆ ಒಂದು ಮಾತು. ಅಲ್ಲಿ ಇದಕ್ಕೆ ಪರವಾನಗಿ ಕೊಡೋದು ಮುಂಬೈಯ ಅಣುಶಕ್ತಿ ನಿಯಂತ್ರಣ ಮಂಡಳಿ, ಅರ್ಜಿ ಅವರ ಇ-ಲೋರಾ ಅನ್ನೋ ಸೈಟಲ್ಲಿ. ಪ್ರಾಜೆಕ್ಟ್ ಮುಗಿದ ಮೇಲೆ ಗೇಜನ್ನ ಹಳೇ ಸಾಮಾನಿನ ಜೊತೆ ಸ್ಟೋರ್ ಮೂಲೇಲಿ ಬಿಡ್ಬೇಡಿ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿಗೆ ಯೂನಿವರ್ಸಿಟಿಯ ಹಳೇ ಕೋಬಾಲ್ಟ್ ಮೆಷಿನ್ ಹೋಗಿ ಒಬ್ಬ ಕೆಲಸಗಾರ ಜೀವ ಕಳ್ಕೊಂಡ. ಅದರ ಶಕ್ತಿ ನಮ್ಮ ಗೇಜಿಗಿಂತ ಎಷ್ಟೋ ಪಾಲು ಜಾಸ್ತಿ ಇತ್ತು ನಿಜ, ಆದ್ರೆ ಗುಜರಿ ಬಿಚ್ಚೋ ಹುಡುಗನಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು. ಮೂಲೇಲಿ ಬಿಟ್ರೆ ತಾನಾಗೇ ಬೇಗ ಶಕ್ತಿ ಕಳ್ಕೊಳ್ಳೋದೂ ಅಲ್ಲ, ಸೀಸಿಯಂ ಅರ್ಧ ಆಗೋಕೆ 30 ವರ್ಷ, ಅಮೆರಿಸಿಯಂಗೆ 432 ವರ್ಷ.

ಗೇಜಿಗೆ ಐದಕ್ಕೆ ನಾಲ್ಕೂವರೆ, ಭಾರಕ್ಕೆ ಅರ್ಧ ಕಟ್. ಬಾಕ್ಸಿಗೆ ಐದು. ಬಾಡಿಗೆ ಅಂಗಡಿಗೆ ಒಂದು. ಬಾಡಿಗೆಗೆ ತಗೊಳ್ಳೋರು ದುಡ್ಡು ಕೊಡೋ ಮುಂಚೆ ಅಲ್ಲೇ ಕೌಂಟರ್ ಮುಂದೆ ಎರಡೂ ಚಿಲಕ, ಲೇಬಲ್, ಲೀಕ್ ಟೆಸ್ಟ್ (ಸೋರ್ಸ್ ಸೋರುತ್ತಿದೆಯಾ ಅಂತ ನೋಡೋ ಪರೀಕ್ಷೆ) ಆದ ತಾರೀಕು ನೋಡಿ, ಪೇಪರ್‌ನಲ್ಲಿರೋ ನಂಬರ್‌ಗೆ ನಿಮ್ಮ ಮೊಬೈಲಿಂದ ಒಂದು ಸಲ ರಿಂಗ್ ಮಾಡಿ, ಅಂಗಡಿಯವರ ಕೈಯಲ್ಲೇ ಹ್ಯಾಂಡಲ್ ಇಳಿಸಿ ಎತ್ತಿಸಿ, ಆ ಟಕ್ ಸದ್ದು ಕೇಳಿದ ಮೇಲೆ ಸೈನ್ ಹಾಕಿ.