ಮಾಳಿಗೆ ತೋಟಕ್ಕೆ ಹನಿ ನೀರಾವರಿ ಕಿಟ್: ರಾಯಚೂರಿನ ಬಿಸಿಲಲ್ಲಿ ಬಳಸಿ ನೋಡಿದ್ದು

ಡಬ್ಬಿಯ ಮೇಲೆ ‘50 ಗಿಡಗಳಿಗೆ, ಪಂಪ್ ಬೇಕಿಲ್ಲ’ ಅಂತ ದೊಡ್ಡದಾಗಿ ಬರೆದಿದೆ. ಪಂಪ್ ಬೇಕಿಲ್ಲ ಅನ್ನೋದು ನಿಜ. 50 ಗಿಡ ಅನ್ನೋದು ಮಾತ್ರ ಮಾಳಿಗೆ ಮೇಲೆ ನಡೆಯೋದಿಲ್ಲ. ಗಿಡ ಬೆಳೆಸುವ ಚೀಲ ಮೂವತ್ತು ದಾಟಿತೆಂದರೆ ಕೊನೆಯ ಸಾಲು ಬಾಡುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಬೇಸಿಗೆಗೆ ಕೊಡದಲ್ಲಿ ನೀರು ಹೊತ್ತು ಗಿಡ ಉಳಿಸೋದು ಆಗದ ಮಾತು ಅನ್ನಿಸಿ 2024ರ ಫೆಬ್ರವರಿಯಲ್ಲಿ ಇದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಟೈಮರ್ ಸೇರಿ ಎರಡೂವರೆ ಸಾವಿರದ ಆಸುಪಾಸು. ಅಂದಿನಿಂದ ನಮ್ಮ ಬೆಂಡೆ, ಬದನೆ, ಪುಂಡಿಪಲ್ಯ ಎಲ್ಲ ಇದರ ನೀರಲ್ಲೇ ಬೆಳೆದಿವೆ. ಹಾಗಾಗಿ ಬಂದ ವಾರವೇ ಐದು ಸ್ಟಾರ್ ಕೊಟ್ಟವರ ವಿಮರ್ಶೆಗಿಂತ ಇದು ಸ್ವಲ್ಪ ಉದ್ದ.

ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ರಾಯಚೂರು. ನಕಾಶೆ ನೋಡಿದವರು ಇಲ್ಲಿ ನೀರಿಗೇನು ಬರ ಅಂದುಕೊಳ್ಳಬೇಕು. ನಳ ಬಂದ ದಿನ ಸಿಹಿನೀರು, ಬರದ ದಿನ ಬೋರಿನ ಸವಳು ನೀರು, ಎರಡೂ ಒಂದೇ ಟ್ಯಾಂಕಿಗೆ. ಏಪ್ರಿಲ್, ಮೇನಲ್ಲಿ 42–43 ಡಿಗ್ರಿ ಅಂದರೆ ಇಲ್ಲಿ ಯಾರೂ ತಿರುಗಿ ನೋಡೋದಿಲ್ಲ. ಕಿಟ್ ಮಾಡಿದವರ ಕಣ್ಣೆದುರು ಈ ನೀರೂ ಇರಲಿಲ್ಲ, ಈ ಬಿಸಿಲೂ ಇರಲಿಲ್ಲ ಅನ್ನೋದು ಬಳಸುತ್ತಾ ಹೋದಂತೆ ಗೊತ್ತಾಗುತ್ತದೆ.

ಮೊದಲು ಒತ್ತಡದ ವಿಷಯ. ಗಿಡದ ಬುಡಕ್ಕೆ ಹನಿ ಬಿಡುವ ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಇರುತ್ತದಲ್ಲ, ಅದು 1 ಬಾರ್ ಒತ್ತಡದ ಲೆಕ್ಕ. 1 ಬಾರ್ ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಇಳಿಯುವ ನೀರು. ನಮ್ಮಲ್ಲಿ ಟ್ಯಾಂಕೂ ಮಾಳಿಗೆ ಮೇಲೆ, ಗಿಡವೂ ಮಾಳಿಗೆ ಮೇಲೆ. ಟ್ಯಾಂಕಿನ ಕಟ್ಟೆ ಐದಡಿ ಇದ್ದರೆ ಹೆಚ್ಚು. ಆ ಎತ್ತರಕ್ಕೆ ಹೇಳಿದ ನೀರಿನಲ್ಲಿ ಅರ್ಧವೂ ಬರೋದಿಲ್ಲ. ಇದು ಕಂಪನಿಯ ಮೋಸವಲ್ಲ, ನೀರಿನ ಗುಣ. ಅಂಗಳದಲ್ಲಿ ಗಿಡ ಇಟ್ಟು ಮಾಳಿಗೆಯ ಟ್ಯಾಂಕಿನಿಂದ ಕೊಡುವವರಿಗೆ ಈ ತಾಪತ್ರಯ ಕಡಿಮೆ. ನಾನು ಮಾಡಿಕೊಂಡಿದ್ದು ಇಷ್ಟೇ: 16 ಎಂಎಂ ಪೈಪನ್ನು ಒಂದೇ ಉದ್ದಕ್ಕೆ ಎಳೆಯದೆ ಟ್ಯಾಂಕಿನ ಬುಡದಲ್ಲೇ ಎರಡು ಸಾಲಾಗಿ ಒಡೆದು, ಹೆಚ್ಚು ನೀರು ಕುಡಿಯುವ ಬದನೆ, ಹೀರೆಯನ್ನು ಹತ್ತಿರ ಇಟ್ಟು, ಪುಂಡಿಪಲ್ಯ, ಚವಳಿಕಾಯಿಯನ್ನು ತುದಿಗೆ ತಳ್ಳಿದೆ. ಡ್ರಿಪ್ಪರಿನ ತಿರುಪು ಬಿಗಿ–ಸಡಿಲ ಮಾಡುವಾಗ ಕಣ್ಣಂದಾಜು ನಂಬಬೇಡಿ. ಪ್ರತಿಯೊಂದರ ಕೆಳಗೆ ಒಂದೇ ಅಳತೆಯ ಲೋಟ ಇಟ್ಟು, ಹತ್ತು ನಿಮಿಷಕ್ಕೆ ಎಷ್ಟು ತುಂಬಿತು ನೋಡಿ.

ಟೈಮರ್ ಬಗ್ಗೆ ಸಿಟ್ಟು ಇನ್ನೂ ಇಳಿದಿಲ್ಲ. ಕಿಟ್ ಜೊತೆ ಬಂದದ್ದು ಸೊಲೆನಾಯ್ಡ್ ವಾಲ್ವಿನದು, ಅಂದರೆ ಕರೆಂಟಿನ ಅಯಸ್ಕಾಂತದಿಂದ ತೆರೆಯುವಂಥದ್ದು. ಅದರೊಳಗೆ ಒಂದು ರಬ್ಬರ್ ಪೊರೆ ಇದೆ, ಅದು ಮೇಲೇಳಬೇಕಾದರೆ ನೀರಿನ ಒತ್ತಡವೇ ಬೇಕು. ಐದಡಿ ಎತ್ತರದ ಟ್ಯಾಂಕಿನ ನೀರು ಅದಕ್ಕೆ ಸಾಲದು. ‘ಟಕ್’ ಅಂತ ಸದ್ದು ಬರುತ್ತದೆ, ನೀರು ಬರೋದಿಲ್ಲ. ಪಂಪ್ ಬೇಕಿಲ್ಲ ಎಂದು ಮಾರುವ ಡಬ್ಬಿಯಲ್ಲಿ ಪಂಪಿನ ಒತ್ತಡ ಬೇಡುವ ಟೈಮರ್ ಇಟ್ಟರೆ ಏನನ್ನಬೇಕು? ಗ್ರಾಹಕ ಸೇವೆಯವರು ಸೆಲ್ ಬದಲಿಸಿ ನೋಡಿ ಮೇಡಂ ಅಂದರು, ಮತ್ತೆ ಕೇಳಿದರೆ ಮತ್ತೆ ಸೆಲ್ ಬದಲಿಸಿ ಅಂದರು. ಕೊನೆಗೆ ಬಾಲ್ ವಾಲ್ವ್ ಇರುವ ಟೈಮರ್ ಬೇರೆಯಾಗಿ ಕೊಂಡೆ. ಅದರಲ್ಲಿ ಸಣ್ಣ ಮೋಟರ್ ನಲ್ಲಿಯ ಕಿವಿಯನ್ನು ತಿರುಗಿಸುವ ಹಾಗೆ ವಾಲ್ವನ್ನೇ ತಿರುಗಿಸುತ್ತದೆ, ಒತ್ತಡ ಶೂನ್ಯಕ್ಕೆ ಹತ್ತಿರ ಇದ್ದರೂ ನಡೆಯುತ್ತದೆ. ಟ್ಯಾಂಕಿನಿಂದ ನೀರು ಕೊಡುವವರು ಟೈಮರ್ ಇಲ್ಲದ ಕಿಟ್ ತಗೊಂಡು, ಬಾಲ್ ವಾಲ್ವಿನದನ್ನು ಪ್ರತ್ಯೇಕ ತಗೊಳ್ಳಿ.

ಸವಳು ನೀರಿನ ಕಥೆ ಬೇರೆ. ಬೋರಿನ ನೀರೇ ಹೆಚ್ಚು ಹರಿದ ತಿಂಗಳಲ್ಲಿ ಡ್ರಿಪ್ಪರಿನ ಬಾಯಿಗೆ ಸುಣ್ಣದಂಥ ಬಿಳಿ ಪದರ ಕಟ್ಟಿ, ಹನಿ ನಿಧಾನವಾಗುತ್ತಾ ನಿಂತೇ ಹೋಗುತ್ತದೆ. ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗಿ ಆ ಒಂದು ಗಿಡಕ್ಕೇ ಧಾರೆ ಸುರಿಯುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ನೀರಲ್ಲಿ ಕರಗಿಸಿ, ಬಿಚ್ಚಿದ ಡ್ರಿಪ್ಪರುಗಳನ್ನು ರಾತ್ರಿಯಿಡೀ ನೆನೆ ಹಾಕಿದರೆ ಬೆಳಿಗ್ಗೆ ಆ ಪದರ ಬೆರಳಿಗೇ ಬಿಟ್ಟುಬರುತ್ತದೆ. ಕಿಟ್ಟಿನ ಜಾಲರಿ ಫಿಲ್ಟರ್ ಚೆನ್ನಾಗಿದೆ, ಆದರೆ ಅದು ಕಸ ಹಿಡಿಯುತ್ತದೆ, ಕರಗಿದ ಉಪ್ಪು ಹಿಡಿಯೋದಿಲ್ಲ.

ಡ್ರಿಪ್ಪರಿಗಿಂತ ಮಣ್ಣಿನ ಮೇಲೆ ಕಣ್ಣಿಡಬೇಕು. ಹನಿ ಹನಿಯಾಗಿ ಕೊಟ್ಟ ನೀರನ್ನು ಬಿಸಿಲು ಎಳೆದುಕೊಳ್ಳುತ್ತದೆ, ಉಪ್ಪು ಚೀಲದಲ್ಲೇ ಉಳಿಯುತ್ತದೆ. ಒದ್ದೆ ಮಣ್ಣಿನ ಸುತ್ತ ಬಳೆಯ ಆಕಾರದಲ್ಲಿ ಬಿಳಿ ಗೆರೆ ಮೂಡಿ, ಎಲೆಯ ಅಂಚು ಕಂದು ತಿರುಗಿದರೆ ಅದು ನೀರಿನ ಕೊರತೆಯಲ್ಲ. ಹನಿ ಹೆಚ್ಚು ಮಾಡಿದರೆ ಗುಣವಾಗೋದಿಲ್ಲ. ನಳ ಬಂದ ದಿನ ಆ ಚೀಲಕ್ಕೆ ತಳದಿಂದ ಹರಿದುಹೋಗುವಷ್ಟು ಸಿಹಿನೀರು ಕೊಟ್ಟು ಉಪ್ಪು ತೊಳೆಯಬೇಕು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಿ ನೀರು ಉಳಿಸಿದೆವು ಅನ್ನುವವರಿದ್ದಾರೆ. ಅದರಲ್ಲಿ ಉಪ್ಪು ಯಂತ್ರಕ್ಕೆ ಹೋದ ನೀರಿಗಿಂತ ಹೆಚ್ಚು, ಅಂಗಳ ತೊಳೆಯೋಕೆ ಇಟ್ಟುಕೊಳ್ಳಿ. ಅಕ್ಕಿ, ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಬಹುದು.

ಟೈಮರಿಗೆ ಬೆಳಗಿನ ಐದು ಗಂಟೆ ಇಟ್ಟಿದ್ದೇನೆ. ಕಪ್ಪು ಪೈಪು, ಕಪ್ಪು ಟ್ಯಾಂಕು. ಮಧ್ಯಾಹ್ನ ಅದರಲ್ಲಿನ ನೀರಿಗೆ ಕೈಯೊಡ್ಡೋಕೆ ಆಗೋದಿಲ್ಲ, ಬೇರಿಗೆ ಏನಾದೀತು ನೀವೇ ಹೇಳಿ. ಮೇ ತಿಂಗಳಲ್ಲಿ ಸಣ್ಣ ಚೀಲಗಳಿಗೆ ಸಂಜೆ ಏಳರ ಮೇಲೆ ಇನ್ನೊಂದು ಸರ್ತಿ.

ಇಷ್ಟಾಗಿಯೂ, ಹನಿ ಕಿಟ್ ಒಂದನ್ನೇ ನಂಬಿದ್ದರೆ ಗಿಡ ಉಳಿಯುತ್ತಿರಲಿಲ್ಲ. ಅದು ಉಳಿಸೋದು ನೀರನ್ನು, ನಮ್ಮ ಸೊಂಟವನ್ನು. ಗಿಡವನ್ನು ಉಳಿಸಿದ್ದು ಹಸಿರು ನೆರಳು ಬಲೆ. ನಾನು 75 ಪರ್ಸೆಂಟ್ ಬಿಸಿಲು ತಡೆಯುವಂಥದ್ದು ಕೇಳಿದಾಗ ಅಂಗಡಿಯವರೇ ತಡೆದರು: “ಅಕ್ಕಾರೆ, ಅದು ನರ್ಸರಿ ಸಸಿಗೆ ಆಗ್ತೈತ್ರಿ. ಕಾಯಿ ಬಿಡೋ ಗಿಡಕ್ಕ ಐವತ್ತರದ್ದು ಒಯ್ರಿ, ಇಲ್ಲಾಂದ್ರ ಬರೇ ಎಲಿ ತಿಂತೀರಿ.” ಅವರ ಮಾತು ಸರಿ ಬಂತು. ಬಲೆಯನ್ನು ಏಳಡಿ ಎತ್ತರಕ್ಕೆ ಕಟ್ಟಿ, ಪಡುವಣಕ್ಕೆ ಮಾತ್ರ ಇಳಿಬಿಟ್ಟಿದ್ದೇನೆ. ಉಳಿದ ಮೂರು ಕಡೆ ಬಿಸಿಗಾಳಿ ಹೊರಗೆ ಹೋಗಲಿ ಅಂತ ತೆರೆದಿದೆ. ತಂತಿಯ ಬದಲು ಸುತಳಿಯಲ್ಲಿ ಕಟ್ಟಿದ್ದು ಬೇಕಂತಲೇ: ಅಡ್ಡಮಳೆಯ ಗಾಳಿಗೆ ಸುತಳಿ ಹರಿಯುತ್ತದೆ, ಬಲೆ ಹರಿಯೋದಿಲ್ಲ.

ಮಣ್ಣಿನ ಬಗ್ಗೆಯೂ ಒಂದು ಮಾತು. ಚೀಲಕ್ಕೆ ಬರೀ ಎರೆಮಣ್ಣು ತುಂಬಿದರೆ ಒಣಗಿದಾಗ ಚೀಲದ ಗೋಡೆ ಬಿಟ್ಟು ಬಿರಿಯುತ್ತದೆ, ಹನಿದ ನೀರು ಆ ಸಂದಿಯಲ್ಲಿ ನೇರ ಕೆಳಗೆ. ಮಸಾರಿ (ಕೆಂಪು) ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ, ಮೇಲೆ ಎರಡು ಬೆರಳು ದಪ್ಪ ಭತ್ತದ ಹೊಟ್ಟು ಹರಡಿ. ರೈಸ್ ಮಿಲ್ಲಿನ ಊರಲ್ಲಿ ಹೊಟ್ಟಿಗೇನು ಕೊರತೆ.

ಟೊಮೆಟೊಗೆ ಏನು ಮಾಡಿದರೂ ಮೇನಲ್ಲಿ ಕಾಯಿ ಕಟ್ಟಲಿಲ್ಲ. ಹಗಲು 35 ದಾಟಿ ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ಯಾವ ಕಿಟ್ಟೂ ಅದನ್ನು ತಡೆಯಲಾರದು. ಕೊತ್ತಂಬರಿಯೂ ಅಷ್ಟೇ, ಗೇಣುದ್ದ ಬರುವ ಮೊದಲೇ ಹೂವಿಗೆ ಬರುತ್ತದೆ. ಬೆಂಡೆ, ಚವಳಿ, ಪುಂಡಿ, ಬಸಳೆ ಬಿಸಿಲಿಗೆ ಬಗ್ಗಲಿಲ್ಲ. ಬೆಂಡೆಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಹಾಕಿದ್ದೆ. ಹಳದಿ ನರ ರೋಗ ತಡೆಯಲೆಂದು ರೂಪಿಸಿದ ತಳಿ, ನಮ್ಮಲ್ಲಿ ಎಲೆ ಹಸಿರಾಗೇ ಉಳಿಯಿತು. ಬದನೆಗೆ ಮಾತ್ರ ಒಣ ಹವೆಯಲ್ಲಿ ನುಸಿ ತಪ್ಪಿದ್ದಲ್ಲ. ಎಲೆಯ ಕೆಳಗೆ ನೀರು ರಭಸವಾಗಿ ಹೊಡೆದು ತೊಳೆದೆ, ಆಮೇಲೆ ಬೇವಿನ ಎಣ್ಣೆ, ಅದೂ ಸಂಜೆಯೇ.

ಇನ್ನು ಬಾಳಿಕೆ. 16 ಎಂಎಂ ಪೈಪು ಇಂದಿಗೂ ಗಟ್ಟಿ. 4 ಎಂಎಂ ಸಣ್ಣ ಕೊಳವೆಗಳನ್ನು ಅಳಿಲುಗಳು ಕಡಿದಿವೆ. ಪಾಪ, ಅವಕ್ಕೂ ನೀರಡಿಕೆ. ನೆರಳಲ್ಲಿ ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ಇಟ್ಟ ಮೇಲೆ ಕಡಿತ ಕಡಿಮೆಯಾಗಿದೆ. ಬಿಸಿಲಿಗೆ ಮೊದಲು ಸೋತದ್ದು ಪ್ಲಾಸ್ಟಿಕ್ ಜಾಯಿಂಟುಗಳು; ಮುಟ್ಟಿದರೆ ಪಟ್ಟನೆ ಮುರಿಯುತ್ತವೆ. ಕಂಪನಿಯ ಬಿಡಿ ಭಾಗಗಳಿಗೆ ಆನ್‌ಲೈನ್‌ನಲ್ಲಿ ಕಾಯೋದು ಬೇಡ, ಹೊಲಕ್ಕೆ ಡ್ರಿಪ್ ಸಾಮಾನು ಮಾರುವ ಅಂಗಡಿಯಲ್ಲಿ 16 ಎಂಎಂ ಜಾಯಿಂಟು, ಎಂಡ್ ಕ್ಯಾಪ್ ಎಲ್ಲ ಸಿಗುತ್ತವೆ, ಅಗ್ಗವೂ ಹೌದು, ಗಟ್ಟಿಯೂ ಹೌದು. ಹೋಗುವಾಗ ಹಳೆಯ ಪೈಪಿನ ಒಂದು ತುಂಡು ಜೊತೆಗೆ ಒಯ್ಯಿರಿ.